ಹಳೇ ಪಿಕಪ್ ಗಾಡಿಯನ್ನು ಮತ್ತೆ ರಸ್ತೆಗಿಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಪಿಕಪ್ ತಂದು ನಿಲ್ಲಿಸಿಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅರ್ಧ ಪ್ರಶ್ನೆ ಕಬ್ಬಿಣದ್ದು, ಇನ್ನರ್ಧ ಮನಸ್ಸಿನದ್ದು. ಎರಡನ್ನೂ ಇಲ್ಲಿ ಒಟ್ಟಿಗೇ ಇಟ್ಟಿದ್ದೇನೆ. ನಾನು ನೋಡಿದ ಮಟ್ಟಿಗೆ ಶುರುವಾದ ಗಾಡಿಗಳು ಮೂಲೆ ಸೇರುವುದು ಒಂದೇ ಸಲಕ್ಕೆ ಜಾಸ್ತಿ ಬಿಚ್ಚಿದ್ದರಿಂದ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಗಾಡಿ ಮನೆಗೆ ಬಂತು. ಮೊದಲು ಏನು ಮಾಡಲಿ?

ಸ್ಪ್ಯಾನರ್ ಮುಟ್ಟಬೇಡಿ. ಮೊದಲು ಚೆನ್ನಾಗಿ ತೊಳೆಯಿರಿ. ಕೆಸರು, ಗ್ರೀಸು, ಹಕ್ಕಿ ಗೂಡು ಎಲ್ಲ ಹೋಗಲಿ. ಆಮೇಲೆ ಎರಡು ಮೂರು ದಿನ ಸುಮ್ನೆ ನೋಡಿ. ಕೆಳಗೆ ಮಲಗಿ ನೋಡಿ, ಬಾನೆಟ್ ಎತ್ತಿ ನೋಡಿ, ಸೀಟಿನ ಹಿಂದೆ ಟಾರ್ಚ್ ಬಿಟ್ಟು ನೋಡಿ. ಕಂಡದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಇಂಜಿನ್ ನಂಬರ್ ಮತ್ತು ಚಾಸಿಸ್ ನಂಬರ್ ಕಾಗದಪತ್ರಕ್ಕೆ ಹೊಂದುತ್ತದಾ ಅಂತ ಅವತ್ತೇ ನೋಡಿಬಿಡಿ. ಹೊಂದದಿದ್ದರೆ ಅದು ಸರಿಯಾಗುವವರೆಗೆ ಗಾಡಿಯ ಮೇಲೆ ದುಡ್ಡು ಹಾಕಬೇಡಿ.

ಅದೇ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಒಂದೇ ಸಾಲು ಬರೆಯಿರಿ: ಈ ಗಾಡಿ ಮುಗಿದ ಮೇಲೆ ಏನು ಮಾಡಬೇಕು? ಸಾಮಾನು ಹೊರಬೇಕಾ, ಭಾನುವಾರ ಒಂದು ಸುತ್ತು ಹೋಗಿ ಬರಬೇಕಾ, ಅಥವಾ ಕಾರ್ಖಾನೆಯಿಂದ ಬಂದ ದಿನ ಇದ್ದ ಹಾಗೆ ಪ್ರದರ್ಶನದಲ್ಲಿ ನಿಲ್ಲಬೇಕಾ? ಈ ಮೂರೂ ಬೇರೆ ಬೇರೆ ಕೆಲಸ. ಖರ್ಚು, ವರ್ಷ, ಶ್ರಮ ಮೂರೂ ಬೇರೆ. ಇದನ್ನು ತೀರ್ಮಾನ ಮಾಡದೆ ಶುರು ಮಾಡಿದವರು ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸುತ್ತಾರೆ. ಆಗ ಮಾಡಿದ ಕೆಲಸವನ್ನೇ ಮತ್ತೆ ಬಿಚ್ಚಬೇಕಾಗುತ್ತದೆ.

ತುಕ್ಕು ಎಲ್ಲೆಲ್ಲಿ ನೋಡಬೇಕು?

ಕಣ್ಣಿಗೆ ಕಾಣುವ ತುಕ್ಕಿಗೆ ಹೆದರಬೇಡಿ. ಬಾನೆಟ್ ಮೇಲೆ, ಮಡ್‌ಗಾರ್ಡ್ ಮೇಲೆ ಕೆಂಪಗೆ ಹರಡಿದ್ದು ಉಜ್ಜಿದರೆ ಹೋಗುತ್ತದೆ. ಒಳಗಿನಿಂದ ತಿಂದದ್ದೇ ನಿಜವಾದ ತೊಂದರೆ.

ಪಿಕಪ್‌ನಲ್ಲಿ ನೀರು, ಮಣ್ಣು ನಿಲ್ಲುವ ಜಾಗಗಳು ಗೊತ್ತಿರುವಂಥವೇ. ಕ್ಯಾಬಿನ್‌ನ ಹಿಂದಿನ ಕೆಳ ಮೂಲೆಗಳು, ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ಜಾಗದ ತಗಡು, ಕ್ಯಾಬಿನ್ ಚಾಸಿಸ್ ಮೇಲೆ ಕೂರುವ ಮೌಂಟ್‌ಗಳು, ಮುಂದಿನ ಗಾಜಿನ ಕೆಳಗಿನ ಅಂಚು. ಬಾಗಿಲ ತಳದಲ್ಲಿ ನೀರು ಹೋಗುವ ಸಣ್ಣ ತೂತುಗಳು ಇರುತ್ತವೆ. ಎಲೆ, ಧೂಳು ಸೇರಿ ಅವು ಮುಚ್ಚಿಕೊಂಡರೆ ನೀರು ಒಳಗೇ ನಿಂತು ಬಾಗಿಲು ತಳದಿಂದ ಕೊಳೆಯುತ್ತದೆ. ಒಂದು ತಂತಿ ತೂರಿಸಿ ನೋಡಿ, ಬರುವ ಮಣ್ಣೇ ಕಥೆ ಹೇಳುತ್ತದೆ.

ಚಾಸಿಸ್‌ಗೆ ಬೇರೆಯೇ ಪರೀಕ್ಷೆ. ಸಣ್ಣ ಸುತ್ತಿಗೆ ತಗೊಂಡು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತುಕ್ಕು ತಿಂದದ್ದು ಡಬ್ ಅಂತ ಮಂಕಾಗಿ ಸದ್ದು ಮಾಡುತ್ತದೆ. ಹಿಂದಿನ ಪಟ್ಟಾ ಸ್ಪ್ರಿಂಗ್ ನೇತುಹಾಕುವ ಬ್ರಾಕೆಟ್‌ಗಳ ಸುತ್ತ ಮತ್ತು ಎರಡು ತಗಡು ಒಂದರ ಮೇಲೊಂದು ಕೂತ ಕಡೆ ವಿಶೇಷವಾಗಿ ತಟ್ಟಿ. ಸ್ಕ್ರೂ ಡ್ರೈವರ್ ಒತ್ತಿದಾಗ ಒಳಗೆ ಹೋದರೆ ಅಲ್ಲಿ ಲೋಹ ಉಳಿದಿಲ್ಲ ಅಂತಲೇ ಅರ್ಥ. ಚಾಸಿಸ್ ಕೆಟ್ಟಿದ್ದರೆ ಉಳಿದ ಯೋಜನೆಯೆಲ್ಲ ಬದಲಾಗುತ್ತದೆ, ಅದಕ್ಕೇ ಇದನ್ನು ಮೊದಲು ನೋಡಬೇಕು.

ಹಿಂದಿನ ತೊಟ್ಟಿಗೆ ಹಲಗೆ ಹಾಕಿದ ಗಾಡಿಗಳೂ ಇವೆ. ಹಲಗೆ ಕೊಳೆತಿದ್ದರೆ ಬೇಸರ ಬೇಡ. ಇಡೀ ಗಾಡಿಯಲ್ಲಿ ಅತಿ ಸುಲಭದ, ಅತಿ ಸಂತೋಷದ ಕೆಲಸ ಅದು.

ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸಬೇಕಾ, ಅಥವಾ ಓಡಿಸುತ್ತಾ ಸ್ವಲ್ಪ ಸ್ವಲ್ಪ ಮಾಡಬೇಕಾ?

ಚಾಸಿಸ್ ಗಟ್ಟಿಯಾಗಿದ್ದು, ಇದು ನಿಮ್ಮ ಮೊದಲ ಗಾಡಿಯಾಗಿದ್ದರೆ ಓಡಿಸುತ್ತಾ ಮಾಡಿ. ನಾನು ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ.

ನನ್ನ ಮೊದಲ ಪಿಕಪ್‌ಗೆ ನಾನು ಉಲ್ಟಾ ಮಾಡಿದೆ. ಎರಡು ವಾರದ ರಜೆಯಲ್ಲಿ ಕ್ಯಾಬಿನ್, ತೊಟ್ಟಿ, ಮಡ್‌ಗಾರ್ಡ್ ಎಲ್ಲ ಕಳಚಿ ಗೋಡೆಗೆ ಒರಗಿಸಿದೆ. ಬಿಚ್ಚುವಾಗ ದಿನದಿನವೂ ಏನೋ ಸಾಧಿಸಿದ ಹಾಗೆ ಅನಿಸುತ್ತಿತ್ತು. ಆಮೇಲೆ ಮೂರು ವರ್ಷ ಆ ಗೋಡೆ ಹಾಗೇ ಇತ್ತು. ಶೆಡ್ ಬಾಗಿಲು ತೆಗೆದರೆ ಗಾಡಿ ಕಾಣುತ್ತಿರಲಿಲ್ಲ, ಬರೀ ಸಾಮಾನು ಕಾಣುತ್ತಿತ್ತು. ಒಂದು ಭಾಗ ಸರಿಮಾಡಿದರೂ ಅದನ್ನು ಹಾಕಲು ಜಾಗವೇ ಇಲ್ಲ. ಮಾಡಿದ ಕೆಲಸ ಕಣ್ಣಿಗೆ ಬೀಳದಿದ್ದರೆ ಕೈ ಮುಂದೆ ಹೋಗುವುದಿಲ್ಲ.

ಎರಡನೇ ಗಾಡಿಗೆ ಒಂದು ನಿಯಮ ಇಟ್ಟುಕೊಂಡೆ: ಈ ತಿಂಗಳಲ್ಲಿ ವಾಪಸ್ ಕೂರಿಸಲು ಆಗುವುದನ್ನು ಮಾತ್ರ ಬಿಚ್ಚುವುದು. ಮುಂದಿನ ಬ್ರೇಕ್ ಅಂದರೆ ಮುಂದಿನ ಬ್ರೇಕ್ ಅಷ್ಟೇ. ಹೊಸ ಪಾರ್ಟ್ಸ್ ಕೈಗೆ ಬಂದ ಮೇಲೆಯೇ ಹಳೆಯದನ್ನು ಬಿಚ್ಚಿದೆ. ಗಾಡಿ ಯಾವತ್ತೂ ತಿಂಗಳಿಗಿಂತ ಜಾಸ್ತಿ ನಿಲ್ಲಲಿಲ್ಲ.

ಚಾಸಿಸ್ ತುಕ್ಕು ಹಿಡಿದು ವೆಲ್ಡಿಂಗ್ ಬೇಕೇ ಬೇಕು ಅಂತಾದರೆ ಪೂರ್ತಿ ಬಿಚ್ಚದೆ ವಿಧಿಯಿಲ್ಲ. ಆಗಲೂ ಗುರಿ ಒಂದೇ ಇರಲಿ: ಆದಷ್ಟು ಬೇಗ ಚಾಸಿಸ್ ನಾಲ್ಕು ಚಕ್ರದ ಮೇಲೆ ನಿಂತು, ತಳ್ಳಿದರೆ ಉರುಳಬೇಕು.

ಯಾವ ಕೆಲಸ ಮೊದಲು, ಯಾವುದು ಆಮೇಲೆ?

ನಿಲ್ಲುವುದು, ತಿರುಗುವುದು, ಓಡುವುದು, ಕಾಣುವುದು. ಈ ಕ್ರಮ. ಬ್ರೇಕ್ ಮತ್ತು ಟೈರ್ ಮೊದಲು, ಆಮೇಲೆ ಸ್ಟೀರಿಂಗ್ ಮತ್ತು ಸಸ್ಪೆನ್ಷನ್, ಆಮೇಲೆ ಇಂಜಿನ್, ಗೇರ್ ಬಾಕ್ಸ್, ವೈರಿಂಗ್. ತಗಡು ಕೆಲಸ, ಪೇಂಟ್, ಸೀಟು ಕೊನೆಗೆ.

ಬಹಳಷ್ಟು ಜನ ಪೇಂಟ್‌ನಿಂದ ಶುರು ಮಾಡುತ್ತಾರೆ. ಆಸೆ ಅರ್ಥವಾಗುತ್ತದೆ. ಆದರೆ ಪೇಂಟ್ ಆದ ಮೇಲೆ ಬ್ರೇಕ್ ಕೆಲಸ ಮಾಡಿದರೆ ಬ್ರೇಕ್ ಆಯಿಲ್ ಒಂದು ಹನಿ ಬಿದ್ದರೂ ಹೊಸ ಬಣ್ಣ ಎದ್ದು ಬರುತ್ತದೆ.

ಟೈರ್ ಬಗ್ಗೆ ಒಂದು ಮಾತು. ಹಲ್ಲು ಚೆನ್ನಾಗಿದೆ ಅಂತ ಹಳೇ ಟೈರ್ ನಂಬಬೇಡಿ. ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇದ್ದರೆ ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. 2000ಕ್ಕಿಂತ ಹಿಂದಿನವುಗಳಲ್ಲಿ ಮೂರೇ ಅಂಕಿ ಇರುತ್ತಿತ್ತು. ಮೂರು ಅಂಕಿ ಕಂಡರೆ ಯೋಚನೆಯೇ ಬೇಡ, ಬದಲಾಯಿಸಿ.

ವರ್ಷಗಟ್ಟಲೆ ನಿಂತ ಇಂಜಿನ್. ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ನೋಡಲಾ?

ದಯವಿಟ್ಟು ಬೇಡ. ಒಣಗಿದ ಸಿಲಿಂಡರ್‌ನಲ್ಲಿ ಪಿಸ್ಟನ್ ರಿಂಗ್ ಅಂಟಿಕೊಂಡಿರಬಹುದು. ಸೆಲ್ಫ್ ಹೊಡೆದ ರಭಸಕ್ಕೆ ರಿಂಗ್ ಮುರಿಯಬಹುದು, ಅಂಟಿದ ವಾಲ್ವ್‌ನಿಂದ ಪುಶ್‌ರಾಡ್ (ವಾಲ್ವ್ ತೆರೆಯಲು ತಳ್ಳುವ ಕಡ್ಡಿ) ಬಾಗಬಹುದು.

ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ, ಪ್ರತಿ ಸಿಲಿಂಡರ್‌ಗೆ ಸ್ವಲ್ಪ ಎಣ್ಣೆ ಬಿಡಿ. ಒಂದೆರಡು ದಿನ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ. ಇನ್ನಷ್ಟು ಎಣ್ಣೆ, ಇನ್ನಷ್ಟು ದಿನ. ಹಿಂದೆ ಮುಂದೆ ಒಂದಿಷ್ಟೇ ಅಲ್ಲಾಡಿಸುತ್ತಾ ಬನ್ನಿ. ಕೆಲವು ಇಂಜಿನ್ ಒಂದು ವಾರಕ್ಕೆ ಬಿಡುತ್ತವೆ, ಕೆಲವು ತಿಂಗಳು ಹಿಡಿಯುತ್ತವೆ.

ಎರಡು ಪೂರ್ತಿ ಸುತ್ತು ಸಲೀಸಾಗಿ ತಿರುಗಿದ ಮೇಲೆ ಇಂಜಿನ್ ಆಯಿಲ್ ಬದಲಾಯಿಸಿ, ಕೂಲಿಂಗ್ ನೀರು ತುಂಬಿಸಿ. ಹಳೇ ಟ್ಯಾಂಕಿನ ಪೆಟ್ರೋಲ್ ಬಳಸಲೇಬೇಡಿ. ಅದು ಅಂಟಾಗಿ ಹೋಗಿರುತ್ತದೆ. ಒಂದು ಸಣ್ಣ ಕ್ಯಾನ್‌ನಲ್ಲಿ ಹೊಸ ಪೆಟ್ರೋಲ್ ಇಟ್ಟು ಅಲ್ಲಿಂದಲೇ ಪೈಪ್ ಕೊಡಿ. ಹಳೇ ರಬ್ಬರ್ ಪೈಪ್‌ಗಳನ್ನೂ ಬದಲಾಯಿಸಿ, ಎಥೆನಾಲ್ ಬೆರೆತ ಈಗಿನ ಪೆಟ್ರೋಲ್‌ಗೆ ಅವು ತಡೆಯುವುದಿಲ್ಲ.

ಇಂಜಿನ್ ಓಡಿತು ಅಂದರೆ ಕಂಪ್ರೆಷನ್ ಪರೀಕ್ಷೆ ಮಾಡಿ, ಅಂದರೆ ಪ್ರತಿ ಸಿಲಿಂಡರ್‌ನಲ್ಲಿ ಎಷ್ಟು ಒತ್ತಡ ಬರುತ್ತದೆ ಅಂತ ಅಳೆಯಿರಿ. ಒಂದು ಸಿಲಿಂಡರ್ ಮಾತ್ರ ಕಮ್ಮಿ ತೋರಿಸಿದರೆ ಅದರೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿ. ಅಳತೆ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ಅನುಮಾನ ಪಡಿ. ಇಷ್ಟು ತಿಳಿಯದೆ ಇಂಜಿನ್ ಪೂರ್ತಿ ಬಿಚ್ಚಲು ಹೊರಡಬೇಡಿ. ಪೂರ್ತಿ ಕೆಲಸ ಬೇಕು ಅಂದುಕೊಂಡ ಎಷ್ಟೋ ಇಂಜಿನ್‌ಗಳಿಗೆ ಬೇಕಾದದ್ದು ಬರೀ ಕಾರ್ಬೊರೇಟರ್ ತೊಳೆಯುವುದು ಆಗಿರುತ್ತದೆ.

ಬ್ರೇಕ್ ಸುಮಾರಾಗಿ ಹಿಡಿಯುತ್ತದೆ. ಸದ್ಯಕ್ಕೆ ಸಾಕಲ್ವಾ?

ಸಾಲದು. 1960ರ ದಶಕದ ಮಧ್ಯದವರೆಗಿನ ಬಹಳಷ್ಟು ಪಿಕಪ್‌ಗಳಲ್ಲಿ ಬ್ರೇಕ್‌ಗೆ ಒಂದೇ ಸರ್ಕ್ಯೂಟ್, ಅಂದರೆ ಬ್ರೇಕ್ ಆಯಿಲ್ ಹೋಗುವ ದಾರಿ ಒಂದೇ. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಪೈಪ್, ಹೋಸ್, ವೀಲ್ ಸಿಲಿಂಡರ್ (ಚಕ್ರದ ಹತ್ತಿರ ಬ್ರೇಕ್ ಶೂ ಒತ್ತುವುದು), ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವುದು) ಎಲ್ಲ ಹೊಸದು ಹಾಕಿ. ಆಗುವುದಾದರೆ ಎರಡು ಸರ್ಕ್ಯೂಟ್‌ನ ಮಾಸ್ಟರ್ ಸಿಲಿಂಡರ್‌ಗೆ ಬದಲಾಯಿಸಿ. ಹಳೇ ರೂಪವೇ ಬೇಕು ಅನ್ನುವವರೂ ಈ ಒಂದು ವಿಷಯದಲ್ಲಿ ಹಟ ಬಿಡಬೇಕು.

ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ತೆಗೆದಾಗ ಕಂಪ್ರೆಸರ್ ಗಾಳಿಯಿಂದ ಧೂಳು ಊದಬೇಡಿ. ಒದ್ದೆ ಮಾಡಿ ಒರೆಸಿ. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತವೆ, ಹಾಗಾಗಿ ತೆರೆದಿಟ್ಟ ಡಬ್ಬಿ ಬಳಸಬಾರದು. ಡಾಟ್ 5 ಸಿಲಿಕೋನ್‌ನದ್ದು, ಅದನ್ನು ಇವುಗಳ ಜೊತೆ ಬೆರೆಸಲೇಬಾರದು.

ಬಿಚ್ಚಿದ ಸಾಮಾನು ಹೇಗೆ ಇಟ್ಟುಕೊಳ್ಳಲಿ? ನೆನಪಿರುತ್ತದೆ ಅಲ್ವಾ?

ನೆನಪಿರುವುದಿಲ್ಲ. ಇವತ್ತು ಬಿಚ್ಚಿದ್ದನ್ನು ಆರು ತಿಂಗಳ ಮೇಲೆ ಜೋಡಿಸುವಾಗ ಕೈಯಲ್ಲಿ ಮೂರು ಥರದ ಬೋಲ್ಟ್ ಇರುತ್ತದೆ, ತೂತು ಎರಡೇ ಇರುತ್ತದೆ.

ಒಂದು ಭಾಗಕ್ಕೆ ಒಂದು ಜಿಪ್ ಚೀಲ. ಚೀಲದ ಮೇಲೆ ಏನು, ಎಲ್ಲಿಯದು, ಯಾವ ದಿನ ಅಂತ ಬರೆಯಿರಿ. ಒಳಗೂ ಅದನ್ನೇ ಬರೆದ ಚೀಟಿ ಹಾಕಿ, ಯಾಕಂದರೆ ಪ್ಲಾಸ್ಟಿಕ್ ಮೇಲಿನ ಬರಹ ಎಣ್ಣೆ ತಾಗಿದರೆ ಅಳಿಸಿಹೋಗುತ್ತದೆ. ಸಾಧ್ಯವಾದ ಕಡೆ ಬೋಲ್ಟನ್ನು ಅದರ ತೂತಿಗೇ ಎರಡು ಸುತ್ತು ತಿರುಗಿಸಿ ಬಿಡಿ. ಫೋಟೋ ಬಿಚ್ಚುವ ಮೊದಲು ಒಂದು, ಬಿಚ್ಚುತ್ತಾ ಒಂದು, ಬಿಚ್ಚಿದ ಮೇಲೆ ಒಂದು. ಕೆಟ್ಟ ಪಾರ್ಟ್ ಎಸೆಯಬೇಡಿ. ಹೊಸದು ತಂದಾಗ ಪಕ್ಕದಲ್ಲಿಟ್ಟು ಹೋಲಿಸಲು ಅದು ಬೇಕು.

ಎಷ್ಟು ಸಣ್ಣದು ಎಷ್ಟು ದೊಡ್ಡದಾಗುತ್ತದೆ ಅಂತ ಹೇಳುತ್ತೇನೆ. ಬಾಗಿಲ ಕೀಲಿನ ಹಿಂದೆ ತೆಳು ತಗಡಿನ ಬಿಲ್ಲೆಗಳಿರುತ್ತವೆ, ಷಿಮ್ ಅನ್ನುತ್ತಾರೆ. ನನ್ನ ಗಾಡಿಯಲ್ಲಿ ಎಡ ಬಾಗಿಲ ಮೇಲಿನ ಕೀಲಿಗೆ ಎರಡು, ಕೆಳಗಿನದಕ್ಕೆ ಒಂದು ಇತ್ತು. ತುಕ್ಕು ಹಿಡಿದು ಕೀಲಿಗೇ ಅಂಟಿಕೊಂಡಿದ್ದವು. ಕಸ ಅಂದುಕೊಂಡು ಕೆರೆದು ಎಸೆದೆ. ಆ ಬಾಗಿಲು ಮತ್ತೆ ಕೂರಿಸುವಾಗ ಮುಂದಿನ ಸಂದಿ ಮೇಲೆ ಕಿರುಬೆರಳು ಹೋಗುವಷ್ಟು, ಕೆಳಗೆ ಕಾಗದವೂ ಹೋಗದಷ್ಟು. ನಾಲ್ಕು ಸಂಜೆ ಹೋಯಿತು. ಕೊನೆಗೆ ಹಳೇ ಫೋಟೋ ದೊಡ್ಡದು ಮಾಡಿ ನೋಡಿದಾಗ ಬಿಲ್ಲೆಗಳ ಅಂಚು ಕಂಡಿತು. ಮೂರು ಬಿಲ್ಲೆ ಕತ್ತರಿಸಿ ಹಾಕಿದೆ, ಬಾಗಿಲು ಕ್ಲಿಕ್ ಅಂತ ಕೂತಿತು.

ತುಕ್ಕು ಹಿಡಿದ ಬೋಲ್ಟ್ ಬರುತ್ತಲೇ ಇಲ್ಲ.

ತಂತಿ ಬ್ರಷ್‌ನಿಂದ ಥ್ರೆಡ್ ಉಜ್ಜಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಮರುದಿನ ಮತ್ತೆ ಹಾಕಿ. ತಲೆಯ ಮೇಲೆ ಸುತ್ತಿಗೆಯಿಂದ ನಾಲ್ಕು ಏಟು ಕೊಡಿ. ಆರು ಮೂಲೆಯ ಸಾಕೆಟ್ ಬಳಸಿ, ಹನ್ನೆರಡು ಮೂಲೆಯದು ತಲೆಯನ್ನು ಸವೆಸುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಬೆಂಕಿಯ ಶಾಖ ಕೊನೆಯ ಉಪಾಯ, ಅದೂ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ರಬ್ಬರ್ ಹತ್ತಿರ ಇಲ್ಲದಿದ್ದರೆ ಮಾತ್ರ. ಕೆಲವು ಹಳೇ ಗಾಡಿಗಳ ಎಡ ಚಕ್ರದ ನಟ್ಟುಗಳು ಉಲ್ಟಾ ತಿರುಗುತ್ತವೆ, ಅದನ್ನೂ ನೋಡಿಕೊಳ್ಳಿ.

ಹಳೇ ಪೆಟ್ರೋಲ್ ಟ್ಯಾಂಕಿಗೆ ಮಾತ್ರ ಯಾವ ಕಾರಣಕ್ಕೂ ಬೆಂಕಿ, ಗ್ರೈಂಡರ್, ವೆಲ್ಡಿಂಗ್ ತಾಗಿಸಬೇಡಿ. ಖಾಲಿ ಟ್ಯಾಂಕಿನೊಳಗಿನ ಆವಿಯೇ ಸಿಡಿಯುವುದು. ಅದನ್ನು ಗೊತ್ತಿದ್ದವರಿಗೆ ಕೊಡಿ ಅಥವಾ ಹೊಸದು ಹಾಕಿ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೂ ಹೋಗಬೇಡಿ. ಕೆಳಗೆ ಗಟ್ಟಿ ಸ್ಟ್ಯಾಂಡ್ ಇರಲೇಬೇಕು.

ತಗಡು ಕೆಲಸ ನಾನೇ ಕಲಿತು ಮಾಡಬಹುದಾ?

ಖಂಡಿತ ಮಾಡಬಹುದು. ಕಾಣದ ಕಡೆಯಿಂದ ಶುರು ಮಾಡಿ. ಕಾಲಿಡುವ ಜಾಗದ ತಗಡು ಒಳ್ಳೆಯ ಪಾಠಶಾಲೆ, ಮೇಲೆ ಮ್ಯಾಟ್ ಬರುತ್ತದೆ. ತುಕ್ಕು ತಿಂದದ್ದನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ತುಕ್ಕಿನ ಮೇಲೆ ಪುಟ್ಟಿ ಹಚ್ಚಿದರೆ ಸ್ವಲ್ಪ ದಿನಕ್ಕೇ ಗುಳ್ಳೆ ಎದ್ದು ಬರುತ್ತದೆ.

ಬಾಡಿ ತಗಡು ಸುಮಾರು 1 ಮಿ.ಮೀ. ದಪ್ಪ ಇರುತ್ತದೆ. ಒಂದೇ ಎಳೆಯಲ್ಲಿ ವೆಲ್ಡ್ ಮಾಡಿದರೆ ಶಾಖಕ್ಕೆ ಅಲೆಯಂತೆ ಸೊಟ್ಟಗಾಗುತ್ತದೆ. ಒಂದು ಚುಕ್ಕೆ ಇಲ್ಲಿ, ಒಂದು ಅಲ್ಲಿ ಹಾಕಿ ಆರಲು ಬಿಡಿ. ಚುಕ್ಕೆ ಚುಕ್ಕೆ ಸೇರಿಸುತ್ತಾ ಬನ್ನಿ. ನಿಧಾನ ಅನಿಸುತ್ತದೆ, ಆದರೆ ಅದೇ ಬೇಗ ಮುಗಿಯುವ ದಾರಿ. ವೆಲ್ಡಿಂಗ್ ಮೊದಲು ಬ್ಯಾಟರಿ ಕಳಚಿ. ಪುಟ್ಟಿ 3 ಮಿ.ಮೀ.ಗಿಂತ ದಪ್ಪ ಬೇಕಾಯಿತು ಅಂದರೆ ತಗಡನ್ನೇ ಇನ್ನೊಂದಿಷ್ಟು ಸರಿಯಾಗಿ ತಟ್ಟಬೇಕು ಅಂತ ಅರ್ಥ.

ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಉಜ್ಜುವಾಗ ಒಳ್ಳೇ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ಗಟ್ಟಿಕಾರಕ ಬೆರೆಸುವ ಈಗಿನ ಪೇಂಟ್‌ಗಳಲ್ಲಿ ಐಸೋಸಯನೇಟ್ ಇರುತ್ತದೆ, ಅದು ಶ್ವಾಸಕೋಶಕ್ಕೆ ಅಪಾಯ. ಹೊರಗಿನ ಗಾಳಿ ಕೊಡುವ ಮುಖವಾಡ ಇಲ್ಲದಿದ್ದರೆ ಕೊನೆಯ ಪೇಂಟ್ ಕೆಲಸವನ್ನು ಪೇಂಟ್ ಬೂತ್ ಇರುವವರಿಗೆ ಕೊಡಿ. ಉಜ್ಜುವುದು, ಪ್ರೈಮರ್‌ಗೆ ತಯಾರು ಮಾಡುವುದು ನೀವೇ ಮಾಡಿದರೆ ಖರ್ಚು ಎಷ್ಟೋ ಇಳಿಯುತ್ತದೆ.

ವೈರಿಂಗ್?

ಬಟ್ಟೆ ಸುತ್ತಿದ ಹಳೇ ವೈರ್ ಮುಟ್ಟಿದರೆ ಉದುರುತ್ತಿದ್ದರೆ ಪೂರ್ತಿ ಹೊಸದು ಹಾಕಿ. ತೇಪೆ ಹಾಕಿದ ವೈರಿಂಗ್ ಬೆಂಕಿಗೆ ಕಾರಣ. ಅಮೆರಿಕದ ಪಿಕಪ್‌ಗಳು 1950ರ ದಶಕದ ಮಧ್ಯದಲ್ಲಿ 6 ವೋಲ್ಟ್‌ನಿಂದ 12 ವೋಲ್ಟ್‌ಗೆ ಬಂದವು. ಫೋರ್ಡ್ 1956ರಲ್ಲಿ ಬದಲಾಯಿಸಿತು, ಅದಕ್ಕೂ ಮೊದಲಿನ ಫೋರ್ಡ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆ ಅರ್ಥ್ (ಗಾಡಿಯ ಲೋಹಕ್ಕೆ ಕೊಡುವ ಸಂಪರ್ಕ) ಇರುತ್ತಿತ್ತು. ಬ್ಯಾಟರಿ ಹಾಕುವ ಮೊದಲು ನಿಮ್ಮದು ಯಾವುದು ಅಂತ ನೋಡಿ. ದೀಪ ಮಂಕಾಗಿದ್ದರೆ ಹತ್ತರಲ್ಲಿ ಎಂಟು ಸಲ ಅರ್ಥ್ ಸರಿಯಿರುವುದಿಲ್ಲ: ತುಕ್ಕು, ಬಣ್ಣ ಉಜ್ಜಿ ತೆಗೆದು ಬರೀ ಲೋಹಕ್ಕೆ ಬಿಗಿಯಿರಿ.

ಎಷ್ಟು ದಿನ ಹಿಡಿಯುತ್ತದೆ? ಎಷ್ಟು ದುಡ್ಡು?

ನೀವು ಅಂದಾಜು ಮಾಡಿದ ಸಮಯವನ್ನು ಎರಡರಿಂದ ಗುಣಿಸಿ. ವಾರಕ್ಕೆ ಐದಾರು ಗಂಟೆ ಕೊಡುವವರಿಗೆ ಪೂರ್ತಿ ಕೆಲಸ ವರ್ಷಗಳ ಲೆಕ್ಕ. ದುಡ್ಡಿಗೆ ಒಂದು ಒಳ್ಳೆಯ ಅಭ್ಯಾಸ: ಪಾರ್ಟ್ಸ್ ಪಟ್ಟಿಯನ್ನು ಸುರಕ್ಷತೆಗೆ ಬೇಕಾದದ್ದು, ಓಡಲು ಬೇಕಾದದ್ದು, ಚಂದಕ್ಕೆ ಬೇಕಾದದ್ದು ಅಂತ ಮೂರು ಮಾಡಿ. ಮೊದಲ ಎರಡು ಮುಗಿಯುವವರೆಗೆ ಮೂರನೆಯದಕ್ಕೆ ಕೈ ಹಾಕಬೇಡಿ. ಕ್ರೋಮ್ ಪಟ್ಟಿ ತಂದು ಡಬ್ಬಿಯಲ್ಲಿ ಇಟ್ಟರೆ ಅದು ಮುಂದಿನ ವರ್ಷ ಗೀರು ಬಿದ್ದು ಸಿಗುತ್ತದೆ. ಆದರೆ ಸಿಗುವುದೇ ಅಪರೂಪ ಅನ್ನುವ ಪಾರ್ಟ್ ಕಂಡರೆ ಪಟ್ಟಿ ನೋಡದೆ ತಗೊಳ್ಳಿ.

ಶೆಡ್ ಕಡೆ ಹೋಗಲು ಮನಸ್ಸೇ ಬರುತ್ತಿಲ್ಲ. ಏನು ಮಾಡಲಿ?

ಇದೇ ಜಾಸ್ತಿ ಜನ ಕೇಳುವ ಪ್ರಶ್ನೆ, ನಾಚಿಕೊಂಡು ಕೇಳುತ್ತಾರೆ. ನಾಚುವಂಥದ್ದೇನಿಲ್ಲ. ಎಲ್ಲರಿಗೂ ಬರುತ್ತದೆ, ಹೆಚ್ಚಾಗಿ ಅರ್ಧ ಬಿಚ್ಚಿ ಅರ್ಧ ಜೋಡಿಸಿದ ಹೊತ್ತಿಗೆ.

ಆವಾಗ ದೊಡ್ಡ ಕೆಲಸದ ಮುಂದೆ ನಿಲ್ಲಬೇಡಿ. ಒಂದು ಮೇಜಿನ ಮೇಲೆ ಮುಗಿಯುವ ಕೆಲಸ ಆರಿಸಿ. ನನಗೆ ಕೈ ಓಡದ ಒಂದು ಚಳಿಗಾಲದಲ್ಲಿ ಬಾಗಿಲೊಳಗಿನ ಕಿಟಕಿ ಎತ್ತುವ ಯಂತ್ರ ತಂದು ಅಡುಗೆಮನೆ ಪಕ್ಕದ ಬೆಂಚಿನ ಮೇಲೆ ಇಟ್ಟೆ. ಹಳೇ ಗ್ರೀಸು ಬೆಲ್ಲದ ಅಂಟಿನ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್‌ನಿಂದ ಹಲ್ಲು ಹಲ್ಲಿನ ಸಂದಿ ಉಜ್ಜಿದೆ. ರೋಲರ್ ತಿರುಗಿತು. ಹೊಸ ಗ್ರೀಸು ಹಚ್ಚಿ ವಾಪಸ್ ಹಾಕಿದೆ. ಹಿಡಿ ತಿರುಗಿಸಿದರೆ ಗಾಜು ಒಂದೇ ಸಮನೆ ಮೇಲೆ ಬಂತು. ಆ ಸಂಜೆ ನಾನು ಹತ್ತು ಸಲ ಗಾಜು ಏರಿಸಿ ಇಳಿಸಿದ್ದೇನೆ. ಮರುದಿನ ಶೆಡ್‌ಗೆ ಯಾರೂ ಕರೆಯದೆ ಹೋದೆ.

ಇನ್ನೊಂದು ಉಪಾಯ: ಕೆಲಸ ನಿಲ್ಲಿಸುವಾಗ ಮುಂದಿನ ಹೆಜ್ಜೆ ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್‌ಗೆ ಅಂಟಿಸಿ. "ಬಲ ಹಿಂದಿನ ವೀಲ್ ಸಿಲಿಂಡರ್, 12 ಎಂಎಂ ಸ್ಪ್ಯಾನರ್, ಎರಡು ಬೋಲ್ಟ್" ಅಷ್ಟು ಸಣ್ಣದು ಇರಲಿ. ಎರಡು ವಾರ ಬಿಟ್ಟು ಬಂದರೂ ಎಲ್ಲಿಂದ ಶುರು ಅಂತ ಯೋಚಿಸುತ್ತಾ ನಿಲ್ಲಬೇಕಾಗುವುದಿಲ್ಲ. ಹೊರಡುವ ಮೊದಲು ಬೆಂಚ್ ಒರೆಸಿ, ಸ್ಪ್ಯಾನರ್‌ಗಳನ್ನು ಜಾಗಕ್ಕೆ ಇಡಿ. ಗಲೀಜು ಜಾಗಕ್ಕೆ ಮರಳಿ ಬರಲು ಯಾರಿಗೂ ಇಷ್ಟವಿಲ್ಲ.

ಪ್ರತಿ ಭಾನುವಾರ ಒಂದೇ ಜಾಗದಲ್ಲಿ ನಿಂತು ಒಂದು ಫೋಟೋ ತೆಗೆಯಿರಿ. ಆರು ತಿಂಗಳದ್ದು ಒಟ್ಟಿಗೆ ನೋಡಿದಾಗ ಗಾಡಿ ಎಷ್ಟು ಮುಂದೆ ಬಂದಿದೆ ಅಂತ ಕಣ್ಣಿಗೆ ಬೀಳುತ್ತದೆ.

ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ.

ಅವರ ಮಾತಿನಲ್ಲಿ ನ್ಯಾಯ ಇದೆ. ಜಾಗ, ದುಡ್ಡು, ಭಾನುವಾರ ಮೂರೂ ಅವರದ್ದೂ ಹೌದು. ಯಾವ ದಿನ ಕೆಲಸ, ಯಾವ ದಿನ ಇಲ್ಲ ಅಂತ ಮೊದಲೇ ಮಾತಾಡಿಕೊಂಡು ಅದಕ್ಕೆ ನಿಲ್ಲಿ. ಮಕ್ಕಳಿಗೆ ಬೋಲ್ಟ್ ತೊಳೆಯುವುದು, ಚೀಟಿ ಬರೆಯುವುದು ಕೊಡಿ. ಗಾಡಿ ಉರುಳುವ ಸ್ಥಿತಿಗೆ ಬಂದ ದಿನ ಎಲ್ಲರನ್ನೂ ಕೂರಿಸಿಕೊಂಡು ಅಂಗಳದಲ್ಲಿ ತಳ್ಳಿಸಿ.

ಅರ್ಧಕ್ಕೇ ಮಾರಿಬಿಡುವುದು ತಪ್ಪಾ?

ತಪ್ಪಲ್ಲ. ಆರೋಗ್ಯ, ಕೆಲಸ, ಮನೆ ಬದಲಾಗುತ್ತವೆ. ಆದರೆ ಬೇಸರದ ವಾರದಲ್ಲಿ ತೀರ್ಮಾನ ಮಾಡಬೇಡಿ, ಒಂದು ತಿಂಗಳು ಬಿಡಿ. ಮಾರುವುದೇ ಆದರೆ ಹೆಸರು ಬರೆದ ಚೀಲಗಳು, ಫೋಟೋ, ನೋಟ್‌ಬುಕ್ ಎಲ್ಲ ಕೊಡಿ. ತಗೊಂಡವರು ಮುಗಿಸಬಹುದು, ಗಾಡಿಗೆ ಬೇಕಾದದ್ದೂ ಅದೇ ಅಲ್ವಾ.

ಮುಗೀತು ಅಂತ ಯಾವಾಗ ಅಂದುಕೊಳ್ಳಲಿ?

ನೋಟ್‌ಬುಕ್‌ನ ಮೊದಲ ಪುಟದ ಸಾಲು ತೆಗೆದು ಓದಿ. ಅದನ್ನು ಗಾಡಿ ಮಾಡುತ್ತಿದ್ದರೆ ಮುಗಿದಿದೆ. ಮೊದಲ ಓಟ ಮನೆ ಸುತ್ತಮುತ್ತಲೇ ಇರಲಿ, ಜೊತೆಗೆ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ವಾಪಸ್ ಬಂದ ತಕ್ಷಣ ನಾಲ್ಕೂ ಹಬ್ (ಚಕ್ರದ ನಡುವಿನ ಭಾಗ) ಹತ್ತಿರ ಕೈ ತನ್ನಿ: ಒಂದು ಮಾತ್ರ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಕೆಳಗೆ ರಟ್ಟು ಹಾಸಿ ಯಾವ ಎಣ್ಣೆ ಎಲ್ಲಿ ತೊಟ್ಟಿಕ್ಕುತ್ತದೆ ನೋಡಿ. 80ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ.

ನನ್ನ ಗಾಡಿಯ ಬಾಗಿಲ ಒಳಗಡೆ ಇನ್ನೂ ಹಳೇ ಬಣ್ಣವೇ ಇದೆ. ಒಂದು ಮೂಲೆಯಲ್ಲಿ ಪ್ರೈಮರ್ ಕಾಣುತ್ತದೆ. ಮೊದಲ ಪುಟದಲ್ಲಿ ನಾನು ಬರೆದದ್ದು "ಸಾಮಾನು ಹೊರಬೇಕು" ಅಂತ. ಕಳೆದ ವಾರ ತೊಟ್ಟಿ ತುಂಬ ಮರಳು ತಂದೆ.